ಗೌರಮ್ಮನವರಿಗೆ ಕಂಡ ಹಳದಿ

ದೆವ್ವ, ಗಾಳಿ ಎಂದರೆ ನನಗೆ ಮೊದಲಿನಿಂದಲೂ ನಗು. ಕಂಪ್ಲಿಯ ಸಣ್ಣ ದವಾಖಾನೆಯಲ್ಲಿ ಕಂಪೌಂಡರನಾಗಿ ಔಷಧ ಅಳೆದು ಕೊಟ್ಟವನು ನಾನು. ಅಳತೆಗೆ ಸಿಗದ್ದನ್ನು ನಂಬುವವನಲ್ಲ. ಇದನ್ನು ಓದಿ ನೀವೂ ನಗಬಹುದು. ನಕ್ಕರೆ ನನಗೇನೂ ಬೇಸರವಿಲ್ಲ.

ಆಗ ನಮ್ಮ ಸೀಮೆ ಮದ್ರಾಸಿನ ಆಡಳಿತದಲ್ಲಿತ್ತು. ಅಕ್ಕಿ ಗಿರಣಿಯವರ ಮನೆಯ ಹಿರಿಯರಾದ ಗೌರಮ್ಮನವರಿಗೆ ಗುಂಡಿಗೆ ಸೋತಿತ್ತು. ಚಿಕ್ಕಂದಿನಲ್ಲಿ ಕೀಲು ಹಿಡಿಯುವ ಜ್ವರ ಬಂದು ಗುಂಡಿಗೆಯ ಕವಾಟ ಕೆಟ್ಟು, ವರ್ಷಗಟ್ಟಲೆ ಹೆಚ್ಚಿಗೆ ದುಡಿದು ಅದು ದಣಿದಿದೆ ಎಂದರು ನಮ್ಮ ಡಾಕ್ಟರು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕಾಲಿಗೆ ಬಾವು. ಕಡೆಗೆ ಮಲಗಿದರೆ ಉಸಿರು ಕಟ್ಟಿ, ದಿಂಬಿಗೆ ಒರಗಿ ಕೂತೇ ನಿದ್ದೆ. ಡಾಕ್ಟರು ಉಪ್ಪು ಬಿಡಿಸಿ, ಡಿಜಿಟಾಲಿಸ್ ಎಂಬ ಎಲೆಯ ಸಾರದ ಟಿಂಚರು ಕೊಟ್ಟರು. ದಿನಕ್ಕೆ ಮೂರು ಸಲ, ಹತ್ತು ಹತ್ತು ಹನಿ. ಸೋತ ಗುಂಡಿಗೆಗೆ ಬಲ ಕೊಡುವ ಔಷಧ ಅದು. ಹೆಚ್ಚಾದರೆ ಗುಂಡಿಗೆಯನ್ನೇ ನಿಲ್ಲಿಸೀತು. ಹನಿ ಎಣಿಸುವ ಕೆಲಸ ಸೊಸೆ ಪಾರ್ವತಿಯದು.

ಬಾವು ಇಳಿಯಿತು. ಆದರೆ ವಾರದೊಳಗೆ ವಾಂತಿ ಶುರುವಾಯಿತು, ನಾಡಿ ನಿಧಾನವಾಯಿತು. "ಗ್ವಾಡಿಗೆಲ್ಲಾ ಅರಿಶಿಣ ಬಳದಂಗ ಕಾಣ್ತೈತ್ರೀ," ಎಂದರು ಗೌರಮ್ಮ. ಹನಿ ಹೆಚ್ಚಾದರೆ ಹೀಗೇ ಆಗುವುದು. ಡಾಕ್ಟರು ಔಷಧ ನಿಲ್ಲಿಸಿದರು, ಸೀಸೆಯನ್ನು ನಾನೇ ಎತ್ತಿಕೊಂಡು ಬಂದೆ. ವಾರ ಕಳೆದರೂ ನಾಡಿ ಏಳಲಿಲ್ಲ, ಇನ್ನೂ ಇಳಿಯಿತು.

ನನ್ನ ಅನುಮಾನ ನೇರ ಸೊಸೆಯ ಮೇಲೆ ಹೋಯಿತು. ಮನೆಯ ಕೀಲಿಕೈ ಇನ್ನೂ ಅತ್ತೆಯ ಸೊಂಟದಲ್ಲಿತ್ತು, ನೋಡಿ!

"ಇನ್ನೊಂದು ಸೀಸೆ ಎಲ್ಲಿ ಬಚ್ಚಿಟ್ಟಿದ್ದೀಯಮ್ಮಾ?" ಎಂದು ಗದರಿದೆ.

"ಯಾವ ಸೀಸೆರೀ? ಅತ್ತಿಯಾಣೆ, ನನಗೊಂದೂ ಗೊತ್ತಿಲ್ರೀ," ಎಂದು ಅತ್ತಳು. ಅಳುವುದೂ ನಾಟಕವೆಂದೇ ಎಣಿಸಿದೆ. ಹೊಸಪೇಟೆಗೆ ಹೋಗಿ ದವಾಖಾನೆಗೆ ಔಷಧ ತಂದ ಕೂಡಲೇ ಪೊಲೀಸರಿಗೆ ಹೇಳುವುದೆಂದು ನಿಶ್ಚಯಿಸಿದೆ.

ಹೊಸಪೇಟೆಯಲ್ಲಿ ಮೂರು ದಿನ ನಿಲ್ಲಬೇಕಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಕಂಪ್ಲಿಗೆ ಬಂದವನೇ, ಪೊಲೀಸರಿಗಿಂತ ಮೊದಲು ರೋಗಿಯನ್ನು ನೋಡಿಬಿಡೋಣವೆಂದು ಆ ಮನೆಗೆ ಹೋದೆ. ಗೌರಮ್ಮ ಗಂಜಿ ಕುಡಿಯುತ್ತಿದ್ದರು! ಕೈ ಹಿಡಿದೆ, ನಾಡಿ ಸುಧಾರಿಸಿತ್ತು.

"ನೀವು ಹೇಳಿದ್ದು ಖರೇ ಆತ್ರೀ ಕಂಪೌಂಡ್ರ. ತೀರ್ಥ ಬಿಟ್ಟೆ, ವಾಂತಿ ನಿಂತ್ವು," ಎಂದರು.

"ಯಾವ ತೀರ್ಥ?"

ಅತ್ತೆ ಹುಷಾರಾಗಲೆಂದು ಪಾರ್ವತಿ ಲಿಂಗಕ್ಕೆ ಏರಿಸಿದ ಕಣಗಿಲೆ ಹೂಗಳನ್ನು ತೀರ್ಥದ ಬಟ್ಟಲಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಕುಡಿಸುತ್ತಿದ್ದಳಂತೆ. ದನ ಕೂಡ ಬಾಯಿ ಹಾಕದ ಗಿಡ! ಡಿಜಿಟಾಲಿಸಿನಂತೆ ಅದರ ವಿಷವೂ ಗುಂಡಿಗೆಯನ್ನೇ ಹಿಡಿಯುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ.

"ಕುಡಿಸಬೇಡವೆಂದು ನಿನಗೆ ಹೇಳಿದವರು ಯಾರು?" ಎಂದು ಪಾರ್ವತಿಯನ್ನು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀವ ಅಲ್ರೀ? ಮೊನ್ನೆ ಮುಂಜಾನೆ ಬಂದು ಬಟ್ಟಲಾ ಚೆಲ್ಲಿದ್ರಿ. 'ಇದನ್ನ ಕುಡಸಬ್ಯಾಡ ತಂಗಿ, ನಿಂದೇನೂ ತಪ್ಪಿಲ್ಲ' ಅಂದ್ರಿ."

ಗೌರಮ್ಮನವರೂ ತಲೆಯಾಡಿಸಿದರು. ಮೊನ್ನೆ ಮುಂಜಾನೆ ನಾನು ಹೊಸಪೇಟೆಯ ಔಷಧದ ಅಂಗಡಿಯಲ್ಲಿ ನಿಂತಿದ್ದೆ. ಹಾಗೆಂದರೆ ಅವರಿಬ್ಬರೂ ನಂಬಲಿಲ್ಲ, ತಮಾಷೆ ಮಾಡುತ್ತಿದ್ದೇನೆಂದು ನಕ್ಕರು.

ಅವರೇ ಏನೋ ಕಟ್ಟಿ ಹೇಳಿರಬಹುದೆಂದು ಬಹಳ ದಿನ ಶಂಕಿಸಿದೆ. ಕಟ್ಟಿ ಹೇಳಿ ಅವರಿಗೆ ಬರುವುದೇನು? ನಾನು ಅವಳನ್ನು ಒಮ್ಮೆಯೂ ತಂಗಿ ಎಂದವನಲ್ಲ. ನಾನೇ ಹೋಗಿದ್ದರೆ ಪೊಲೀಸರ ಜೊತೆ ಹೋಗುತ್ತಿದ್ದೆ. ನನ್ನ ಮುಖ ಹೊತ್ತು ಹೋದವನು ಯಾರೋ, ಇಂದಿಗೂ ತಿಳಿಯದು. ಅವನು ಅವಳನ್ನು ನಂಬಿದ್ದ.