ಸ್ತ್ರೀವೇಷದ ಸ್ವರ

ಮೇ ಹತ್ತು, ವಿಪರೀತ ಸೆಖೆ. ಮುಂಬೈಯ ಕಾಂದಿವಲಿಯ ಒಂದು ಮನೆಗೆ ಫ್ರಿಜ್ ರಿಪೇರಿಗೆ ಹೋಗಿದ್ದೆ. ಯಜಮಾನರು ಉಡುಪಿ ಕಡೆಯವರು, ಯಕ್ಷಗಾನದ ಸ್ತ್ರೀವೇಷಕ್ಕೆ ಹೆಸರಾದವರು. ಫ್ರಿಜ್ಜಿನ ಹಿಂದೆ ಬಗ್ಗಿದ್ದಾಗ ಹೆಂಗಸಿನ ಸ್ವರ ಕೇಳಿತು: "ಸೆಖೆಯಲ್ಲಿ ಬಂದಿದ್ದೀರಿ ಮಾರಾಯ್ರೆ, ಮಜ್ಜಿಗೆ ಕುಡೀರಿ."

ತಿರುಗಿದೆ. ಅವರ ಹೆಂಡತಿ ಲೋಟ ಹಿಡಿದು ನಿಂತಿದ್ದರು.

"ಉಪ್ಪು ಸಾಕಾ ನೋಡಿ," ಎಂದಿತು ಅದೇ ಸ್ವರ. ಆಕೆಯ ತುಟಿ ಅಲುಗಲಿಲ್ಲ. ಮಾತಾಡಿದ್ದು ಪಕ್ಕದಲ್ಲಿದ್ದ ಗಂಡ.

ನಾನು ಬೆಚ್ಚಿದ್ದು ಕಂಡು ಅವರು ತಮ್ಮ ದಪ್ಪ ಸ್ವರಕ್ಕೆ ಮರಳಿದರು. "ವೇಷಕ್ಕಾಗಿ ಇಪ್ಪತ್ತು ವರ್ಷ ಇವಳ ಸ್ವರವನ್ನೇ ಕಲಿತೆ. ಉಣ್ಣುವಾಗಲೂ ಬಿಡಲಿಲ್ಲ. ಈಗ ಇವಳ ಮಾತೂ ನಾನೇ ಆಡಬೇಕು."

"ಅವರಿಗೇನಾಯಿತು?"

"ಒಮ್ಮೆ ಊರಿಂದ ಇವಳ ಅಮ್ಮ ಫೋನ್ ಮಾಡಿದ್ರು. ಇವಳೇ ಎತ್ತಿ ಮಾತಾಡಿದ್ರೆ, 'ತಮಾಷೆ ಸಾಕು ಅಳಿಯಂದಿರೇ, ಮಗಳಿಗೆ ಕೊಡಿ' ಅಂದ್ರು. ಅಂದಿನಿಂದ ಇವಳು ಬಾಯಿ ಬಿಟ್ಟಿಲ್ಲ."