ಇಬ್ಬರನ್ನು ಮುಟ್ಟಿಸಿ ಬಂದದ್ದು

ನಿಮ್ಮ ಅಜ್ಜ ಕಡಬದ ಠಾಣೆಯಲ್ಲಿ ಪೊಲೀಸರಾಗಿದ್ದರು. ಹೊಳೆಗೆ ಬಿದ್ದವರನ್ನು ಎತ್ತುವ, ಹಗ್ಗ ಹಾಕಿಕೊಂಡವರನ್ನು ಇಳಿಸುವ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರುತ್ತಿತ್ತು. ಅದಕ್ಕೆ ಹೊರಡುವ ಮುಂಚೆ ಒಂದು ಗ್ಲಾಸು ಸಾರಾಯಿ ಕುಡಿಯುವುದು ಯಾರಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. ಆಮೇಲೆ ಅಂಥ ಕೆಲಸವಿಲ್ಲದ ದಿನವೂ ಬೇಕಾಯಿತು. ಎರಡು ಸಲ ಸಸ್ಪೆಂಡ್ ಆದರು. ಇನ್ನೊಂದು ಸಲ ಆದರೆ ಕೆಲಸವೇ ಹೋಗುತ್ತದೆ ಎಂದು ಎಸ್ಸೈ ಹೇಳಿದ್ದರು. ಕೆಲಸ ಹೋದರೆ ಕ್ವಾರ್ಟರ್ಸೂ ಬಿಡಬೇಕು. ನಿಮ್ಮ ಅಮ್ಮ ಆಗ ಮೂರನೆಯ ಕ್ಲಾಸು.

ಪುತ್ತೂರಿನ ಡಾಕ್ಟರರೊಬ್ಬರು ಹೊಟ್ಟೆನೋವೆಂದು ಬರೆದು ರಜೆಗೆ ಚೀಟಿ ಕೊಡುತ್ತಿದ್ದರು. ನಾನು ಕುಡಿತಕ್ಕೇ ಮದ್ದು ಕೇಳಿದಾಗ, "ಅದಕ್ಕೆ ಇಲ್ಲಿ ಎಂತದೂ ಇಲ್ಲಮ್ಮ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಉಂಟು" ಅಂದರು. ಆ ಮಾತೆತ್ತಿದರೆ ಅಜ್ಜ, "ನನಗೆ ಹುಚ್ಚಾ?" ಎಂದು ತಟ್ಟೆ ನೂಕುತ್ತಿದ್ದರು.

ಆ ವರ್ಷ ಇಚಿಲಂಪಾಡಿ ಕಡೆಯ ಒಬ್ಬ ಹೆಂಗಸನ್ನು ಅದೇ ಆಸ್ಪತ್ರೆಗೆ ಸೇರಿಸಲು ಕೋರ್ಟಿನ ಆದೇಶ ಬಂತು. ಅವಳನ್ನು ಅಲ್ಲಿಗೆ ಮುಟ್ಟಿಸುವುದು ಪೊಲೀಸರ ಕೆಲಸ, ಬಸ್ಸಿನ ಖರ್ಚು ಸರಕಾರದ್ದು. ಜೊತೆಗೆ ಒಬ್ಬ ಹೆಂಗಸು ಬೇಕು. ಠಾಣೆಯಲ್ಲಿ ಹೆಣ್ಣು ಪೊಲೀಸರಿರಲಿಲ್ಲ.

"ನಿನ್ನ ಹೆಂಡತಿಯನ್ನೇ ಕರ್ಕೊಂಡು ಹೋಗು. ದಾರಿಯಲ್ಲಿ ನೀನೂ ಸರಿ ಇರ್ತಿ" ಅಂದರು ನಮ್ಮ ಕ್ವಾರ್ಟರ್ಸಿಗೆ ಬಂದ ಎಸ್ಸೈ.

"ಅವಳಾ ಸಾರ್? ಕಂಡಕ್ಟರನಿಗೆ ಇಳಿಯುವ ಊರು ಹೇಳ್ಲಿಕ್ಕೆ ನಾಚುದು ಅವಳು!" ಎಂದು ಅಜ್ಜ ನಕ್ಕದ್ದು ಬಾಗಿಲ ಹಿಂದೆ ನಿಂತ ನನಗೆ ಕೇಳಿಸಿತು.

ಮೂರು ಬುತ್ತಿ ಕಟ್ಟಿದೆ. ಆ ಹೆಂಗಸು ದಾರಿಯುದ್ದಕ್ಕೂ ನನ್ನ ಸೆರಗಿನ ತುದಿ ಹಿಡಿದು ಸುಮ್ಮನೆ ಕುಳಿತಿದ್ದಳು. ಉಣ್ಣುವಾಗ ಅಜ್ಜನ ಕೈ ನಡುಗಿ ಅನ್ನ ಖಾಕಿಯ ಮೇಲೆ ಉದುರಿತು. ಅವಳು ಒಂದೊಂದೇ ಅಗುಳನ್ನು ಹೆಕ್ಕಿ ಎಲೆಗೆ ಹಾಕಿದಳು. ಅಜ್ಜ ಕಿಟಕಿಯಾಚೆ ನೋಡಿದರು.

ಆಸ್ಪತ್ರೆಯಲ್ಲಿ ಡಾಕ್ಟರರು ಅವಳನ್ನು ಒಪ್ಪಿಕೊಂಡು ರಸೀದಿ ಬರೆದರು. ಅಜ್ಜ ಸೆಲ್ಯೂಟ್ ಹೊಡೆದು ತಿರುಗಿದರು. ನಾನು ಏಳಲಿಲ್ಲ.

"ಇನ್ನೇನಮ್ಮಾ?"

ಘಾಟಿ ಹತ್ತುವಾಗಿನಿಂದ ಮನಸ್ಸಿನಲ್ಲೇ ಜೋಡಿಸಿಟ್ಟದ್ದೆಲ್ಲ ಮರೆತುಹೋಯಿತು. "ಇವರೂ ಉಂಟು" ಎಂದಷ್ಟೇ ಹೇಳಿದೆ.

"ಏ, ಏಳು! ನಾನು ಡ್ಯೂಟಿಯಲ್ಲಿ ಇರುದು" ಅಂದರು ಅಜ್ಜ.

ಡಾಕ್ಟರರು ಅವರ ಕೈ ನೋಡಿ ಕುರ್ಚಿ ಎಳೆದರು. "ರಸೀದಿ ಕೊಟ್ಟಾಯ್ತಲ್ಲ, ಡ್ಯೂಟಿ ಮುಗೀತು. ಕೂತ್ಕೊಳ್ಳಿ."

ಅಜ್ಜ ಟೋಪಿ ತೆಗೆದು ಕುಳಿತರು.

ಹಿಂದಿರುಗುವಾಗ ಕಂಡಕ್ಟರನಿಗೆ ನಾನೇ ಊರು ಹೇಳಿದೆ. ಠಾಣೆಯಲ್ಲಿ ಎಸ್ಸೈ, "ಗಂಡ ಎಲ್ಲಿ?" ಎಂದು ಕೇಳಿದರು.

"ಅಲ್ಲೇ ಸೇರಿಸಿ ಬಂದೆ. ಇದು ಅವರ ಚೀಟಿ."

"ಅಯ್ಯೋ ಮಾರಾಯ್ರೆ, ಕಳಿಸಿದ್ದು ಒಬ್ಬರನ್ನು, ಇವರು ಇಬ್ಬರನ್ನು ಮುಟ್ಟಿಸಿದ್ದಾರೆ!" ಅಂದರು ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್. "ಕುಡಿತದ ಮದ್ದಿಗೆ ಸರಕಾರ ರಜೆ ಕೊಡ್ತದಾ?"

ಎಸ್ಸೈ ಚೀಟಿಯನ್ನು ಎರಡು ಸಲ ಓದಿದರು. "ಹೊಟ್ಟೆನೋವಿಗೆ ಕೊಡ್ತದಲ್ಲ" ಎಂದು ಹೇಳಿ ಅದನ್ನು ಜೇಬಿಗೆ ಹಾಕಿಕೊಂಡರು.

ಒಂದೂವರೆ ತಿಂಗಳ ಮೇಲೆ ಅಜ್ಜ ಬಂದರು. ಕೆಲಸ ಉಳಿಯಿತು. ಆದರೆ ಆಗಾಗ ಹೋಗಿ ತೋರಿಸಿ ಮದ್ದು ತರಬೇಕಿತ್ತು. ಪೊಲೀಸನ ಅಂಥ ಪ್ರಯಾಣಕ್ಕೆ ಸರಕಾರದ ಹಣವಿಲ್ಲ, ನಮ್ಮಲ್ಲೂ ಇರಲಿಲ್ಲ. ಹಾಗಾಗಿ ನಮ್ಮ ಕಡೆಯಿಂದಾಗಲಿ ಸುಳ್ಯದಿಂದಾಗಲಿ ಹೆಂಗಸೊಬ್ಬಳನ್ನು ಕಳಿಸುವುದಿದ್ದರೆ ಎಸ್ಸೈ ಅಲ್ಲಿಯ ಠಾಣೆಗೂ ಹೇಳಿ ನಮ್ಮಿಬ್ಬರನ್ನೇ ಕಳಿಸುತ್ತಿದ್ದರು. ಅಜ್ಜನ ಮದ್ದು ಹಾಗೆಯೇ ಕೆಲವು ವರ್ಷ ನಡೆಯಿತು.

ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಮದ್ದು ಮುಗಿಯುತ್ತಾ ಬಂದಾಗ ಯಾರದೋ ಮನೆಯ ಹೆಣ್ಣಿಗೆ ಬುದ್ಧಿ ಕೆಟ್ಟಿದೆಯಂತೆ ಎಂದು ಕೇಳಿದರೆ ನನಗೆ ಮೊದಲು ಆಗುತ್ತಿದ್ದದ್ದು ಸಮಾಧಾನ. ಕನಿಕರ ಆಮೇಲೆ. ಆ ಹೆಂಗಸರ ಬುತ್ತಿಗೆ ತುಪ್ಪ ಹಾಕುತ್ತಿದ್ದೆ. ನಮ್ಮಿಬ್ಬರದಕ್ಕೆ ಹಾಕುತ್ತಿರಲಿಲ್ಲ.