ಒಂದೇ ಗಾಳಿಗೆ ಎರಡು ಹರಕೆ

ನನಗೆ ಎತ್ತರವೆಂದರೆ ಆಗದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು. ಬೇಸಿಗೆಯಲ್ಲಿ ಆಳಂದದ ನಮ್ಮ ಓಣಿಯವರೆಲ್ಲ ತಂಗಾಳಿಗೆಂದು ಮಾಳಿಗೆ ಏರಿ ಮಲಗಿದರೆ, ನಾನೊಬ್ಬ ಅಂಗಳದಲ್ಲಿ ಸೊಳ್ಳೆಗಳಿಗೆ ಮೈಯೊಪ್ಪಿಸಿ ಬಿದ್ದಿರುತ್ತೇನೆ. ಯಾಕೆಂದು ಕೇಳಿದವರಿಗೆ, “ಮಾಳಿಗಿ ಮ್ಯಾಲ ನನಗ ಥಂಡಿ ಹತ್ತತದ್ರಿ” ಎನ್ನುತ್ತೇನೆ. ಏಪ್ರಿಲ್ ತಿಂಗಳಲ್ಲಿ, ನಮ್ಮ ಸೀಮೆಯಲ್ಲಿ, ಥಂಡಿ! ಕೇಳಿದವರು ಪಾಪ ಒಳ್ಳೆಯವರು, ನಂಬಿದ ಹಾಗೆ ಮಾಡುತ್ತಾರೆ. ಇಷ್ಟು ವರ್ಷ ವಕೀಲಿ ಮಾಡಿದವನ ಸುಳ್ಳು ಇಷ್ಟು ಬಡಕಲಾಗಬಾರದಿತ್ತು.

ಇಂಥ ನಾನು ತುರ್ಕಿಗೆ ಹೊರಟದ್ದು ನೆಲದ ಮೇಲಿನ ಸಂಗತಿಗಳನ್ನು ನೋಡಲಿಕ್ಕೆ. ಕೋಟೆ, ಗುಮ್ಮಟ, ಮುರಿದ ಕಂಬಗಳೆಂದರೆ ನನಗೆ ಜೀವ. ನನ್ನ ಹೆಂಡತಿ ಕಮಲಾಬಾಯಿ ಹೊರಟದ್ದು ಬಲೂನು ಹತ್ತಲಿಕ್ಕೆ. ಕಪ್ಪಡೋಕಿಯಾ ಎಂಬಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ದೊಡ್ಡ ದೊಡ್ಡ ಬಲೂನುಗಳು ಬುಟ್ಟಿಯಲ್ಲಿ ಜನರನ್ನು ಹೊತ್ತು ಮೇಲೇಳುವುದನ್ನು ಮೊಬೈಲಿನಲ್ಲಿ ಕಂಡ ದಿನದಿಂದ ಅವಳಿಗೆ ಅದೇ ಧ್ಯಾನ. “ಇಬ್ರೂ ಕೂಡೇ ಹತ್ತೋಣ್ರಿ” ಅಂದಳು. ನಾನು ಹ್ಞೂಂ ಅಂದೆ. ಹೋಗುವ ದಿನ ದೂರವಿದ್ದಾಗ ಹ್ಞೂಂ ಅನ್ನಲಿಕ್ಕೆ ಏನು ಖರ್ಚು? ಆದರೆ ಅವಳು ಆ ಹ್ಞೂಂ ಅನ್ನು ತವರೂರು ನಿಂಬರ್ಗಾದ ತನಕ ಮುಟ್ಟಿಸಿಬಿಟ್ಟಳು. ಖಜೂರಿಯಲ್ಲಿರುವ ನನ್ನ ತಂಗಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು.

“ವೈನಿ, ನಮ್ಮಣ್ಣ ಆಕಾಶಕ್ಕ ಹಾರಿದ್ರ ನಿಮಗ ಇಳಕಲ್ ಸೀರಿ ಉಡಸ್ತೀನಿ, ನೋಡ್ರಿ!”

ಇಸ್ತಾಂಬುಲ್‌ನಲ್ಲಿ ನಾನು ಹುಲಿ. ಅಯಾ ಸೋಫಿಯಾದ ಗುಮ್ಮಟದ ಕೆಳಗೆ ನಿಂತು, ಅಷ್ಟು ಭಾರ ಹೇಗೆ ನಿಂತಿದೆಯೆಂದು ಕೇಳದವರಿಗೂ ವಿವರಿಸಿದೆ. ತುರ್ಕಿಯ ತೋಪು ಹಾರಿಸುವವರು ನಮ್ಮ ದಖ್ಖನಿನ ಸುಲ್ತಾನರ ಚಾಕರಿಗೆ ಬಂದದ್ದನ್ನು ಕಲಬುರಗಿಯಿಂದ ಬಂದ ನಮ್ಮ ತಂಡಕ್ಕೆಲ್ಲ ಹೇಳಿದೆ. ತಂಡದವರು ನನ್ನನ್ನು ಬಿಟ್ಟು ಐಸ್‌ಕ್ರೀಮಿನ ಗಾಡಿಯ ಕಡೆ ನಡೆದರು. ಕಮಲಾಬಾಯಿಗೆ ಇತಿಹಾಸದ ಗೊಡವೆಯೇ ಬೇಕಾಗಲಿಲ್ಲ. ಚಾ, ದುಕಾನ, ಸಾಬೂನು, ಹಲ್ವಾ: ನಿಜಾಮನ ಕಾಲದಿಂದ ನಮ್ಮ ಬಾಯಲ್ಲಿರುವ ಮಾತುಗಳೆಲ್ಲ ಅಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತವೆ. ನನ್ನ ಕೋರ್ಟಿನ ಇಂಗ್ಲಿಷಿಗೆ ಬಗ್ಗದ ಅಂಗಡಿಯವರು ಅವಳ ಎರಡು ಮಾತಿಗೆ ನಕ್ಕು ಚಾ ತರಿಸಿದರು. ಅಲ್ಲಿಂದ ಪಾಮುಕ್ಕಲೆಗೆ ಹೋದೆವು; ಆ ಹೆಸರಿಗೆ ಹತ್ತಿಯ ಕೋಟೆ ಎಂದರ್ಥ. ಬೆಳ್ಳಗೆ ಗಟ್ಟಿಯಾಗಿ ನಿಂತ ಆ ಸುಣ್ಣದ ಇಳಿಜಾರು ಕಂಡು ಅವಳು, “ಜೇವರ್ಗಿಯಾಗ ಹತ್ತಿ ರಾಶಿ ಹಾಕಿದಂಗ ಕಾಣತದ್ರಿ” ಅಂದಳು. ನನಗೆ ಕಂಡದ್ದು ಅದರ ಎತ್ತರ ಮಾತ್ರ.

ಅಂತೂ ಕಪ್ಪಡೋಕಿಯಾ ಬಂತು. ನೆಲದಿಂದ ಮೊಳೆತಂತೆ ಚೂಪು ಚೂಪು ಬಂಡೆಗಳು, ಅವುಗಳ ಹೊಟ್ಟೆ ಕೊರೆದು ಮಾಡಿದ ಮನೆಗಳು, ಗುಡಿಗಳು. ಬಂಡೆಯೊಳಗಿನ ನಮ್ಮ ಹೋಟೆಲಿನ ಕೋಣೆಯಲ್ಲಿ ಅಂದು ಸಂಜೆ ಕಮಲಾಬಾಯಿ ಸೆರಗಿನ ತುದಿಗೆ ಒಂದು ರೂಪಾಯಿ ಕಟ್ಟಿ ಕಣ್ಣು ಮುಚ್ಚಿ ಕೂತಳು. ನನಗೆ ಗೊತ್ತಾಯಿತು, ಹರಕೆ. ನಮ್ಮ ಕಡೆ ಯಾವ ಮನೆಯವರಾದರೂ ಕೆಲಸ ಆಗಬೇಕೆಂದರೆ ಬಟ್ಟೆಯ ತುದಿಗೆ ನಾಣ್ಯ ಕಟ್ಟಿ ಆಳಂದದ ದರ್ಗಾದ ಸಂತರನ್ನು ನೆನೆಯುತ್ತಾರೆ. ಆದ ಮೇಲೆ ಅಲ್ಲಿ ಸಕ್ಕರೆಯ ಮೇಲೆ ಫಾತಿಹಾ ಪ್ರಾರ್ಥನೆ ಓದಿಸಿ ಹಂಚುತ್ತಾರೆ. ಹೊರಗೆ ಗಾಳಿ ಜೋರಾಗಿ ಬೀಸುತ್ತಿತ್ತು. ಗಾಳಿಯಿದ್ದರೆ ಬಲೂನು ಏಳದು. ಗಾಳಿ ನಿಲ್ಲಲೆಂದೇ ಕೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

“ಆಳಂದದ ದರ್ಗಾದ ಸರಹದ್ದು ಇಲ್ಲೀತನಕ ಬರ್ತದೇನು?” ಎಂದು ಕೆಣಕಿದೆ.

“ನಾವ ಇಲ್ಲೀತನಕ ಬಂದೀವಿ. ಅವರಿಗೇನು ಪಾಸ್‌ಪೋರ್ಟ್ ಬೇಕೇನ್ರಿ?”

ಆ ಮಾತು ಕೇಳಿ, ಅವಳ ಹರಕೆ ಫಲಿಸಿಬಿಟ್ಟರೆ ಗತಿಯೇನೆಂದು ನನಗೆ ಗಾಬರಿಯಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ಕರವಸ್ತ್ರದ ತುದಿಗೆ ಒಂದು ಲಿರಾ ಕಟ್ಟಿ, ರೂಪಾಯಿ ಸಿಗಲಿಲ್ಲ, ಅದೇ ದರ್ಗಾ ನೆನೆದೆ: “ಗಾಳಿ ನಿಲ್ಲಸಬ್ಯಾಡ್ರಿ, ಸಕ್ಕರಿ ಓದಸ್ತೀನಿ.” ಒಂದೇ ಕೋರ್ಟಿಗೆ ವಾದಿ ಪ್ರತಿವಾದಿ ಇಬ್ಬರೂ ಒಂದೇ ಮನೆಯಿಂದ! ನನ್ನ ವಕೀಲಿಯಲ್ಲಿ ಇಂಥ ಖಟ್ಲೆ ಕಂಡಿಲ್ಲ.

ಮರುದಿನ ಗಾಳಿ. ಅದರ ಮರುದಿನವೂ ಗಾಳಿ. ನಾನು ಮುಖ ಸಣ್ಣದು ಮಾಡಿಕೊಂಡು ಒಳಗೊಳಗೇ ಕುಣಿದೆ. ಆಶ್ಚರ್ಯವೆಂದರೆ ಕಮಲಾಬಾಯಿಗೆ ಬೇಸರವಾದಂತೆ ಕಾಣಲಿಲ್ಲ. ಆಕಾಶ ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಯ ದಿನ ಬೆಳಗಿನ ಜಾವ ಒಂದು ಎಲೆಯೂ ಅಲುಗಲಿಲ್ಲ.

ಬಯಲಿನಲ್ಲಿ ಬಲೂನುಗಳಿಗೆ ಬಿಸಿಗಾಳಿ ತುಂಬುವ ಬೆಂಕಿ ಭುಸ್ಸೆನ್ನುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಬುಟ್ಟಿಯೊಳಗೆ ಇಳಿದೇಬಿಟ್ಟಳು. ನನ್ನ ಕಾಲು ನೆಲಕ್ಕೆ ಅಂಟಿತ್ತು. “ನೀ ಹೋಗು. ನಾ ಇಲ್ಲಿಂದ ಚಂದಾಗಿ ಫೋಟೋ ತೆಗೀತೀನಿ” ಅಂದೆ. ಅವಳು ಬೈಯಲಿಲ್ಲ, ನಗಲೂ ಇಲ್ಲ. ಬುಟ್ಟಿಯಿಂದ ಕೈ ಚಾಚಿ, “ಬರ್ರಿ” ಅಂದಳು. ಅಷ್ಟೇ. ಆ ಕೈ ನೋಡುತ್ತಿದ್ದಾಗ ನನಗೆ ಯಾಕೋ ನಮ್ಮ ಮಾಳಿಗೆ ನೆನಪಾಯಿತು. ಮದುವೆಯಾದಾಗಿನಿಂದ ಪ್ರತಿ ಬೇಸಿಗೆ ಅವಳು ಅಲ್ಲಿ ಒಬ್ಬಳೇ ಚಾಪೆ ಹಾಸಿಕೊಂಡಿದ್ದಾಳೆ. ಕೈ ಹಿಡಿದೆ, ಹತ್ತಿದೆ.

ನಾವು ಏಳಲೇ ಇಲ್ಲ, ಭೂಮಿಯೇ ಕೆಳಗಿಳಿಯಿತು. ಮೊದಲು ಒಂದು ಕಣ್ಣು ತೆರೆದೆ, ಆಮೇಲೆ ಎರಡೂ. ಸುತ್ತ ಎಲ್ಲಿ ನೋಡಿದರೂ ಬಲೂನುಗಳು, ಕೆಳಗೆ ಬಂಗಾರದ ಬಿಸಿಲಲ್ಲಿ ಮಿಂದ ಬಂಡೆಗಳು. ಭಯ ಯಾವಾಗ ಇಳಿದು ಹೋಯಿತೋ, ದೇವರಾಣೆ ಗೊತ್ತಾಗಲಿಲ್ಲ. “ಏ ಕಮಲಾ, ನೋಡಲ್ಲಿ! ನೋಡು!” ಎಂದು ಒದರುತ್ತಿದ್ದ ಮನುಷ್ಯ ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸುಲ್ತಾನರು ಊರು ಗೆದ್ದಾಗ ಹೀಗೇ ಅನಿಸಿರಬೇಕು. ನಾನಂತೂ ಅವತ್ತು ಇಡೀ ತುರ್ಕಿ ಗೆದ್ದಿದ್ದೆ. ಬುಟ್ಟಿಯಲ್ಲಿ ತೆಗೆದ ನಮ್ಮ ಫೋಟೋ ಖಜೂರಿಯ ತಂಗಿಗೆ ಮುಟ್ಟಿತು, ಇಳಕಲ್ ಸೀರೆಯೂ ಬಂತು.

ಆಳಂದಕ್ಕೆ ಮರಳಿದ ಮೇಲೆ ಸಕ್ಕರೆ ತೆಗೆದುಕೊಂಡು ಇಬ್ಬರೂ ದರ್ಗಾಕ್ಕೆ ಹೋದೆವು. “ಒಂದೇ ಪೊಟ್ಟಣ ಯಾಕ ತಂದೀರಿ? ನಿಮ್ಮದೂ ತರ್ರಿ” ಅಂದಳು. “ನಂದ್ಯಾವುದು?” ಅಂದೆ. “ಕರವಸ್ತ್ರ ಒಗಿಯೋಳು ನಾನಲ್ಲೇನ್ರಿ? ಎರಡು ದಿನಾ ಗಾಳಿ ಬೀಸಿದ್ದು ಯಾರ ಹರಕಿಗಿ?”

“ಹಂಗಾದ್ರ ಮೂರನೇ ದಿನ ಗಾಳಿ ನಿಂತಿದ್ದು ನಿನ್ನ ಹರಕಿಗಿ” ಅಂದೆ.

“ಗಾಳಿ ಯಾರು ಕೇಳಿದ್ರು? ಅದು ತಾನ ಬೀಸತದ, ತಾನ ನಿಲ್ಲತದ.” ಸೆರಗಿನ ಗಂಟು ಬಿಚ್ಚುತ್ತ ಹೇಳಿದಳು: “ನಮ್ಮನಿಯವರ ಅಂಜಿಕಿ ಬಿಡಸ್ರಿ ಅಂತ ಕೇಳಿದ್ದೆ.”

ನಾನು ಹೋಗಿ ಇನ್ನೊಂದು ಪೊಟ್ಟಣ ತಂದೆ.

ಈ ಬೇಸಿಗೆ ಮಾಳಿಗೆಯ ಮೇಲೆ ಎರಡು ಚಾಪೆ. ಓಣಿಯವರು ಬಂದು ಬಂದು ನೋಡಿಹೋದರು. ಒಂದು ಮಾತು ಮಾತ್ರ ಹೇಳಲೇಬೇಕು: ಬೆಳಗಿನ ಜಾವಕ್ಕೆ ಅಲ್ಲಿ ನಿಜವಾಗಿಯೂ ಸ್ವಲ್ಪ ಥಂಡಿ ಹತ್ತುತ್ತದೆ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಪೂರ್ತಿ ಸುಳ್ಳಲ್ಲ.